ಸಾರ್ವತ್ರಿಕ ಡೇಟಾ ಮಾದರಿಗೆ ಘೋಷವಾಕ್ಯ ಬೇಕು: ಈ ಐದರಲ್ಲಿ ಯಾವುದು ನಿಲ್ಲುತ್ತದೆ?

ಕಣದ_ಲೆಕ್ಕ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಬೆಳೆಗಾರರು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರು, ಹಾಲಿನ ಸೊಸೈಟಿಯವರು ಎಲ್ಲರೂ ಬಳಸಬಹುದಾದ ಒಂದು ಡೇಟಾ ಮಾದರಿ ತಯಾರಾಗುತ್ತಿದೆ. ಕಾಫಿ, ಮೆಣಸು, ಅಡಿಕೆ, ಹಾಲು, ಮಳೆ, ಜಮೀನು, ಕಾರ್ಮಿಕರ ಹಾಜರಿ ಪುಸ್ತಕವಾದ ಚೆಕ್‌ರೋಲ್ ಹೀಗೆ ಯಾವುದೇ ವಿಷಯ ಇರಲಿ, ಒಂದೇ ಆಕಾರದ ಸಾಲಿನಲ್ಲಿ ಕೂರುತ್ತದೆ. ಯಾವುದರ ಬಗ್ಗೆ, ಅದರ ಯಾವ ಗುಣ, ಅದರ ಮೌಲ್ಯ ಏನು ಅನ್ನುವ ಮೂರು ಭಾಗ ಮುಖ್ಯ. ಜೊತೆಗೆ ಬರೆದವರು, ದಿನಾಂಕ, ಅಳತೆಯ ಮಾನ ಕಡ್ಡಾಯ. ಸದ್ಯ ಏಳು ಬೇರೆ ಬೇರೆ ತಂತ್ರಾಂಶ ಮತ್ತು ಎಕ್ಸೆಲ್ ಹಾಳೆಗಳಿಂದ ಮಾಹಿತಿ ಬರಬೇಕಿದೆ.

ಪರಿಚಯ ಪತ್ರದ ಮೊದಲ ಸಾಲಿಗೂ ಬ್ಯಾನರ್‌ಗೂ ಒಂದು ದಿಟ್ಟ ವಾಕ್ಯ ಬೇಕು. ಉಳಿದಿರುವ ಐದು ಇವು:

ಅ. ಎಲ್ಲವೂ ಒಂದೇ ಮಾದರಿಯಲ್ಲಿ
ಆ. ಒಮ್ಮೆ ಬರೆಯಿರಿ, ಎಲ್ಲೆಲ್ಲೂ ಬಳಸಿ
ಇ. ಸತ್ಯಕ್ಕೆ ಒಂದೇ ನೆಲೆ
ಈ. ಡೇಟಾಗೆ ಇನ್ನು ಗೋಡೆಗಳಿಲ್ಲ
ಉ. ಬರೆದದ್ದು ಅಳಿಯದು, ಬರೆದವರ ಹೆಸರು ಮರೆಯದು

ಓದುವವರಲ್ಲಿ ಅರ್ಧ ಜನ ಡೆವಲಪರ್‌ಗಳು, ಇನ್ನರ್ಧ ಬೆಳೆಗಾರರು. ಚೆನ್ನಾಗಿ ಕೇಳಿಸುವುದಷ್ಟೇ ಸಾಲದು, ಆರು ತಿಂಗಳ ನಂತರ ಯಾರಾದರೂ ಆ ಸಾಲನ್ನು ಎತ್ತಿ ತೋರಿಸಿ ಪ್ರಶ್ನೆ ಕೇಳಿದರೆ ಉತ್ತರ ಇರಬೇಕು. ಅನುಭವ ಇರುವವರು ತೂಗಿ ನೋಡಿ ಹೇಳಿ.

ಗಿರಿ_ತಪ್ಪಲು

ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ ಸರ್: ಇದು ಸುಳ್ಳಾಗಬೇಕಾದರೆ ಏನಾಗಬೇಕು? ಉತ್ತರ ಸಿಗದಿದ್ದರೆ ಆ ವಾಕ್ಯ ಏನನ್ನೂ ಹೇಳುತ್ತಿಲ್ಲ ಅಂತ ಅರ್ಥ.

'ಅ' ಈ ಪ್ರಶ್ನೆಗೆ ನಿಲ್ಲಲ್ಲ. ಮೂರು ಭಾಗದ ಸಾಲಿನಲ್ಲಿ ಏನನ್ನು ಬೇಕಾದರೂ ಬರೆಯಬಹುದು, ನಿಜ. ಆದರೆ ಖಾಲಿ ನೋಟ್‌ಬುಕ್ಕಿನಲ್ಲೂ ಏನನ್ನು ಬೇಕಾದರೂ ಬರೆಯಬಹುದು. ಹಿಡಿಸುವುದು ಒಂದು, ಅರ್ಥ ಉಳಿಯುವುದು ಇನ್ನೊಂದು. ನಿಮ್ಮ ಏಳು ಮೂಲಗಳಲ್ಲೇ ಸಿಗುವ ಒಂದು ಸಂಖ್ಯೆ ನೋಡಿ: 1.20.

ತೋಟದ ಮಳೆ ಪುಸ್ತಕದಲ್ಲಿ ಇದು 1 ಇಂಚು 20 ಸೆಂಟು. ಇಂಚಿಗೆ 100 ಸೆಂಟು, ಹಾಗಾಗಿ 25.4ರಿಂದ ಗುಣಿಸಿದರೆ 30.48 ಮಿ.ಮೀ. ಇಲ್ಲಿ ಚುಕ್ಕಿ ನಿಜವಾದ ದಶಮಾಂಶ ಚುಕ್ಕಿ.

ಪಹಣಿಯಲ್ಲಿ ಅದೇ 1.20 ಅಂದರೆ 1 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಆದ್ದರಿಂದ ಇದು ಒಂದೂವರೆ ಎಕರೆ. ಇಲ್ಲಿ ಚುಕ್ಕಿ ಬರೀ ಎರಡು ಸಂಖ್ಯೆಗಳ ನಡುವಿನ ಬೇಲಿ. ದಶಮಾಂಶ ಅಂದುಕೊಂಡರೆ 12 ಗುಂಟೆ, ಅಂದರೆ 13,068 ಚದರ ಅಡಿ ಮಾಯ.

ಘಟ್ಟದ ಕೆಳಗೆ ದಕ್ಷಿಣ ಕನ್ನಡದ ಕಡೆ ಜಮೀನಿಗೂ ಎಕರೆ-ಸೆಂಟ್ಸ್ ಲೆಕ್ಕ. ಅಲ್ಲಿನ 1.20 ಎಕರೆ ನಿಜವಾಗಿಯೂ 1.2 ಎಕರೆಯೇ.

ಮೂರೂ ನಿಮ್ಮ ಮಾದರಿಯಲ್ಲಿ 'ಮೌಲ್ಯ: 1.20' ಅಂತ ಒಂದೇ ಥರ ಕೂರುತ್ತವೆ. ಇದಕ್ಕಿಂತ ಕೆಟ್ಟದ್ದು 2.10. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು 2.1 ಮಾಡುತ್ತದೆ. ಆಮೇಲೆ ಅದನ್ನು ಓದುವ ಪ್ರೋಗ್ರಾಂ 2 ಎಕರೆ 1 ಗುಂಟೆ ಅಂತ ಒಡೆಯುತ್ತದೆ. 9 ಗುಂಟೆ ಹೋಯಿತು, ಎಲ್ಲೂ ಎರರ್ ಬರಲಿಲ್ಲ. ಚುಕ್ಕಿಯ ನಂತರ 40 ಅಥವಾ ಹೆಚ್ಚು ಇದ್ದರೆ ಅದು ಗುಂಟೆಯಲ್ಲ ಅಂತ ಹಿಡಿಯಬಹುದು. 39ರ ಒಳಗಿದ್ದರೆ ಸಂಖ್ಯೆಯನ್ನಷ್ಟೇ ನೋಡಿ ಹಿಡಿಯುವ ದಾರಿಯೇ ಇಲ್ಲ. ಬರೆಯುವಾಗಲೇ ಮಾನ ಜೊತೆಗಿದ್ದರೆ ಮಾತ್ರ ಉಳಿಗಾಲ.

ಹಾಗಂತ ದಿಟ್ಟ ಮಾತು ಆಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಯೂನಿಕೋಡ್‌ನವರ ಮಾತು ಎಷ್ಟು ದೊಡ್ಡದಿತ್ತು ನೋಡಿ: ಯಾವ ಯಂತ್ರವಾಗಲಿ, ಯಾವ ಪ್ರೋಗ್ರಾಂ ಆಗಲಿ, ಯಾವ ಭಾಷೆಯಾಗಲಿ, ಪ್ರತಿ ಅಕ್ಷರಕ್ಕೂ ಅದರದ್ದೇ ಒಂದು ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವೂ ಇತ್ತು. ಆ ಮಾತು ನಿಂತಿತು. ಕಾರಣ, ಅದು ಸಂಖ್ಯೆ ಕೊಡುತ್ತೇನೆ ಅಂದಿತೇ ಹೊರತು ಅಕ್ಷರದ ಅಂದ, ಫಾಂಟು, ಕಾಗುಣಿತ ತಿದ್ದುವುದು ಎಲ್ಲವೂ ನನ್ನದೇ ಅನ್ನಲಿಲ್ಲ. 1970ರಲ್ಲಿ ಗಣಕ ವಿಜ್ಞಾನಿ ಕಾಡ್ ಡೇಟಾವನ್ನು ಕೋಷ್ಟಕಗಳಲ್ಲಿಡುವ ರಿಲೇಷನಲ್ ಮಾದರಿ ಮುಂದಿಟ್ಟಾಗಲೂ ಹಾಗೇ. ಡೇಟಾ ಯಂತ್ರದೊಳಗೆ ಹೇಗೆ ಜೋಡಿಸಿದೆ ಅನ್ನುವುದು ಬಳಸುವವರಿಗೆ ಗೊತ್ತಿರಬೇಕಾಗಿಲ್ಲ ಅನ್ನುವುದು ಅದರ ಪ್ರಮುಖ ಮಾತು. ಜೋಡಣೆ ಬದಲಿಸಿ, ಕ್ವೆರಿ (ಡೇಟಾ ಕೇಳುವ ಆದೇಶ) ಮುರಿಯಿತಾ ನೋಡಿ. ಅಷ್ಟರಲ್ಲೇ ಪರೀಕ್ಷೆ ಆಯಿತು. ನಿಮ್ಮ ಮೂರು ಭಾಗದ ಸಾಲು, ವೆಬ್ ಡೇಟಾ ಬರೆಯುವ ಮಾನದಂಡವಾದ ಆರ್‌ಡಿಎಫ್‌ಗೆ ಹತ್ತಿರದ್ದು, ಅದು 1999ರಿಂದ ವೆಬ್ ಮಾನದಂಡ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾಗಿ ಇದೆ. ಆಕಾರ ಹೊಸದಲ್ಲ. ಹೊಸದೇನಾದರೂ ಇದ್ದರೆ ಮಾನ ಮತ್ತು ಬರೆದವರ ಹೆಸರನ್ನು ನೀವು ಕಡ್ಡಾಯ ಮಾಡಿರುವುದು. ಘೋಷವಾಕ್ಯ ಅದರ ಮೇಲೆ ನಿಲ್ಲಲಿ.

ಹಾಸನ_ಸ್ಕೀಮಾ

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತ ಇದೆ. ನಾನು 'ಆ' ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಐದರಲ್ಲಿ ಲೆಕ್ಕ ಹಾಕಿ ತೋರಿಸಬಹುದಾದ ಲಾಭ ಇರುವುದು ಅದರಲ್ಲೇ.

ಏಳು ಮೂಲಗಳು ಒಂದಕ್ಕೊಂದು ನೇರವಾಗಿ ಮಾತಾಡಬೇಕಾದರೆ 7 × 6, ಅಂದರೆ 42 ಪರಿವರ್ತಕಗಳು ಬೇಕು. ನಡುವೆ ಒಂದು ಸಾಮಾನ್ಯ ಮಾದರಿ ಇಟ್ಟರೆ ಪ್ರತಿಯೊಂದಕ್ಕೂ ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು, ಒಟ್ಟು 14. ಎಂಟನೆಯ ಮೂಲ ಬಂದರೆ ನೇರ ದಾರಿಯಲ್ಲಿ ಇನ್ನೂ 14 ಬರೆಯಬೇಕು, ನಡುವಿನ ಮಾದರಿ ಇದ್ದರೆ 2 ಸಾಕು. ಬ್ಯಾನರಿನಲ್ಲಿ ಈ ಅಂಕಿಯನ್ನೇ ಹಾಕಿದರೂ ಯಾರೂ ಅಲ್ಲಗಳೆಯಲಾರರು.

ಆದರೆ 'ಎಲ್ಲೆಲ್ಲೂ ಬಳಸಿ' ಅನ್ನುವುದಕ್ಕೆ ಒಂದು ಷರತ್ತಿದೆ. ಹೋಗಿ ಬಂದ ಮೇಲೂ ಮಾಹಿತಿ ಹಾಗೇ ಇರಬೇಕು. ಪರೀಕ್ಷೆ ಹೀಗೆ ಮಾಡಿ: ಪ್ರತಿ ಮೂಲದಿಂದ 200 ಸಾಲು ಎತ್ತಿಕೊಳ್ಳಿ. ಅದರಲ್ಲಿ 50 ಬೇಕಂತಲೇ ತೊಡಕಿನವಾಗಿರಲಿ: ಖಾಲಿ ಕಾಲಂ, ತಿದ್ದಿ ಬರೆದದ್ದು, 'ಸುಮಾರು' ಅಂತ ಬರೆದದ್ದು, ಒಂದೇ ಅಂಕಣದಲ್ಲಿ ಎರಡು ವಿಷಯ. ಅವನ್ನು ನಿಮ್ಮ ಮಾದರಿಗೆ ತಂದು, ಮತ್ತೆ ಅದೇ ಮೂಲದ ರೂಪಕ್ಕೆ ಇಳಿಸಿ, ಅಂಕಣ ಅಂಕಣಕ್ಕೆ ಹೋಲಿಸಿ. ಒಂದು ಕೂಡ ಬದಲಾಗಿದ್ದರೆ ಆ ವಾಕ್ಯ ಬಳಸಬೇಡಿ.

ಹೆಚ್ಚಾಗಿ ಮುರಿಯುವುದು 'ಚೀಲ' ಅನ್ನುವ ಅಂಕಣದಲ್ಲಿ. ತೋಟದಿಂದ ಹೊರಡುವ ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲ 50 ಕೆಜಿ. ರಫ್ತಿಗೆ ಹೋಗುವ ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಚೀಲ 60 ಕೆಜಿ. ನಡುವೆ ಔಟ್‌ಟರ್ನ್ ಇದೆ: 50 ಕೆಜಿ ಚೆರಿ ಹೊಡೆಸಿದರೆ ಎಷ್ಟು ಕೆಜಿ ಕ್ಲೀನ್ ಬರುತ್ತದೋ ಅಷ್ಟು ಓಟಿ. 100 ಚೀಲ ಚೆರಿ, 27 ಓಟಿ ಅಂತಿಟ್ಟುಕೊಳ್ಳಿ. 2,700 ಕೆಜಿ ಕ್ಲೀನ್, ಅಂದರೆ 60 ಕೆಜಿಯ 45 ಚೀಲ. ಮಾದರಿಯಲ್ಲಿ 'ಚೀಲ' ಅನ್ನುವ ಗುಣ ಒಂದೇ ಇದ್ದರೆ 100 ಒಳಗೆ ಹೋಗಿ 45 ಹೊರಬಂದಾಗ 55 ಚೀಲ ಕಾಣೆ ಅಂತ ವರದಿ ಬರುತ್ತದೆ. ಬೆಳೆಗಾರರು ಮೊದಲು ಅನುಮಾನ ಪಡುವುದು ಕ್ಯೂರಿಂಗ್ ವರ್ಕ್ಸ್ ಮೇಲೆ. ಇದು ಸಣ್ಣ ವಿಷಯ ಅಲ್ಲ, ನಂಬಿಕೆ ಹೋಗುವುದೇ ಇಂಥ ವರದಿಗಳಿಂದ.

ಸರಿಪಡಿಸಲು: ಚೀಲವನ್ನು ಅಳತೆ ಅಂತ ಇಡಬೇಡಿ, ಎಣಿಕೆ ಅಂತ ಇಡಿ. ತೂಕ ಬೇರೆ ಸಾಲು. ಸ್ಥಿತಿ (ಹಣ್ಣು, ಚೆರಿ, ಪಾರ್ಚ್‌ಮೆಂಟ್, ಕ್ಲೀನ್) ಬೇರೆ ಸಾಲು. ಓಟಿ ಯಾವ ಲಾಟಿನದು, ಯಾರು ಸ್ಯಾಂಪಲ್ ತೆಗೆದದ್ದು ಅನ್ನುವುದನ್ನು ಲಾಟಿಗೆ ಕಟ್ಟಿ, ಚೀಲಕ್ಕೆ ಕಟ್ಟಬೇಡಿ. ಹಾಲಿನಲ್ಲೂ ಇದೇ ತೊಡಕು ಇದೆ. ಲೀಟರ್ ಬೇರೆ, ಕೆಜಿ ಬೇರೆ. 100 ಲೀಟರ್ ಹಾಲು ಹೆಚ್ಚುಕಡಿಮೆ 103 ಕೆಜಿ ತೂಗುತ್ತದೆ.

ಇನ್ನೊಂದು ಮಾತು, ಡೆವಲಪರ್‌ಗಳು ಕೇಳಿಯೇ ಕೇಳುತ್ತಾರೆ. 9 ಅಂಕಣದ ಒಂದು ಕುಯ್ಲಿನ ದಾಖಲೆ ನಿಮ್ಮಲ್ಲಿ 9 ಸಾಲಾಗುತ್ತದೆ. ವರದಿಗೆ 5 ಅಂಕಣ ಬೇಕೆಂದರೆ ಅದೇ ಟೇಬಲ್ ತನ್ನೊಂದಿಗೇ ನಾಲ್ಕು ಸಲ ಜಾಯಿನ್ ಆಗಬೇಕು. ಕೆಲವು ಸಾವಿರ ದಾಖಲೆ ಇರುವಾಗ ಗೊತ್ತೇ ಆಗಲ್ಲ, ಲಕ್ಷಗಳಿಗೆ ಹೋದಾಗ ವರದಿ ತಡವರಿಸುತ್ತದೆ. 'ವಸ್ತು, ಗುಣ' ಜೋಡಿಗೆ ಒಂದು ಇಂಡೆಕ್ಸ್ (ಬೇಗ ಹುಡುಕುವ ಸೂಚಿ), 'ಗುಣ, ಮೌಲ್ಯ' ಜೋಡಿಗೆ ಇನ್ನೊಂದು ಹಾಕಿ. ದಿನವೂ ಬೇಕಾಗುವ ವರದಿಗಳಿಗೆ ಮಟೀರಿಯಲೈಸ್ಡ್ ವ್ಯೂ (ಮೊದಲೇ ಲೆಕ್ಕ ಹಾಕಿ ಉಳಿಸಿದ ವರದಿ) ಮಾಡಿ ರಾತ್ರಿ ಹೊಸದಾಗಿಸಿ. ವೇಗದ ಬಗ್ಗೆ ಘೋಷವಾಕ್ಯದಲ್ಲಿ ಸದ್ದೇ ಎತ್ತಬೇಡಿ.

ಮಲೆನಾಡು_ನಕ್ಷೆ

'ಇ' ಮತ್ತು 'ಈ' ಎರಡನ್ನೂ ಕೈಬಿಡಿ.

'ಸತ್ಯಕ್ಕೆ ಒಂದೇ ನೆಲೆ' ಅಂದ ತಕ್ಷಣ ಜಗಳ ಶುರು. ಪಹಣಿಯಲ್ಲಿ 10 ಎಕರೆ, ಜಿಪಿಎಸ್ ಹಿಡಿದು ಸುತ್ತಿದರೆ 9 ಎಕರೆ 30 ಗುಂಟೆ. ಯಾವುದು ಸತ್ಯ? ಬ್ಯಾಂಕಿಗೆ ಪಹಣಿ ಬೇಕು, ಗೊಬ್ಬರದ ಲೆಕ್ಕಕ್ಕೆ ಅಳೆದದ್ದು ಬೇಕು. ಯುರೋಪಿನ ಅರಣ್ಯನಾಶ ತಡೆ ನಿಯಮಕ್ಕೆ (2023/1115) ಮೂರನೆಯದೇ ಬೇಕು. ಅದರಲ್ಲಿ 4 ಹೆಕ್ಟೇರ್‌ಗಿಂತ ದೊಡ್ಡ ತಾಕಿಗೆ ಸುತ್ತಲ ಗಡಿಯ ಪಾಲಿಗಾನ್, ಅದಕ್ಕಿಂತ ಚಿಕ್ಕದಕ್ಕೆ ಆರು ದಶಮಾಂಶ ಸ್ಥಾನದ ಒಂದು ಬಿಂದು ಸಾಕು. 4 ಹೆಕ್ಟೇರ್ ಅಂದರೆ 9 ಎಕರೆ 35 ಗುಂಟೆ ಆಸುಪಾಸು. ಮೇಲಿನ ತಾಕು ಪಹಣಿ ಪ್ರಕಾರ ಗೆರೆಯ ಆಚೆ, ಜಿಪಿಎಸ್ ಪ್ರಕಾರ ಈಚೆ. ಒಂದನ್ನು ಅಳಿಸಿ ಇನ್ನೊಂದನ್ನು 'ಸತ್ಯ' ಅಂತ ಇಟ್ಟ ದಿನ ನಿಮ್ಮ ಮಾದರಿ ಒಬ್ಬರಿಗೆ ಸುಳ್ಳು ಹೇಳುತ್ತದೆ. ಎರಡನ್ನೂ, ಯಾರು ಹೇಳಿದ್ದು ಅನ್ನುವುದರ ಜೊತೆ ಇಟ್ಟುಕೊಳ್ಳಲಿಕ್ಕೇ ಅಲ್ಲವೇ ಈ ಮಾದರಿ ಮಾಡಿದ್ದು?

ಸರ್ವೆ ನಂಬರ್ ಬಗ್ಗೆ ಒಂದು ಎಚ್ಚರಿಕೆ. ತೋಟದ 'ಬ್ಲಾಕ್'ಗೂ ಸರ್ವೆ ನಂಬರ್‌ಗೂ 'ಎರಡೂ ಒಂದೇ' ಅಂತ ಸೇಮ್‌ಆ್ಯಸ್ ಕೊಂಡಿ ಹಾಕಬೇಡಿ. ಒಂದು ಬ್ಲಾಕ್ ಎರಡು ಸರ್ವೆ ನಂಬರ್‌ಗಳ ಮೇಲೆ ಹಬ್ಬಿರಬಹುದು, ಒಂದು ಸರ್ವೆ ನಂಬರ್‌ನಲ್ಲಿ ನಾಲ್ಕು ಹಿಸ್ಸಾ ಇರಬಹುದು. ಆ ಕೊಂಡಿ ಬಿದ್ದರೆ ಒಂದರ ಗುಣಗಳೆಲ್ಲ ಇನ್ನೊಂದಕ್ಕೆ ಅಂಟುತ್ತವೆ. ಅಣ್ಣನ ಹಿಸ್ಸಾದ ಫಸಲು ತಮ್ಮನ ಹೆಸರಿನಲ್ಲೂ ಕಾಣುತ್ತದೆ. 'ಭಾಗಶಃ ಒಳಗೊಂಡಿದೆ' ಅನ್ನುವ ಬೇರೆ ಸಂಬಂಧ ಮಾಡಿ, ಎಷ್ಟು ಗುಂಟೆ ಅಂತ ಅದರಲ್ಲೇ ಬರೆಯಿರಿ.

'ಗೋಡೆಗಳಿಲ್ಲ' ಡೆವಲಪರ್‌ಗೆ ಸಿಹಿ ಮಾತು. ಬೆಳೆಗಾರರು ಅದನ್ನು ಓದುವುದು ಬೇರೆ ಥರ: ನನ್ನ ಫಸಲು ಎಷ್ಟು, ಸ್ಟಾಕ್ ಎಷ್ಟಿದೆ ಅಂತ ಖರೀದಿದಾರನಿಗೂ ಕಾಣುತ್ತದಾ? ಚೆರಿ ಗೋದಾಮಿನಲ್ಲಿಟ್ಟು ರೇಟಿಗೆ ಕಾಯುವವರಿಗೆ ಇದಕ್ಕಿಂತ ದೊಡ್ಡ ಭಯ ಇಲ್ಲ. ಗೋಡೆ ಇರಬೇಕು, ಬಾಗಿಲಿನ ಕೀಲಿ ಅವರ ಕೈಲಿರಬೇಕು.

ಪದಸಾಲು

ಭಾಷೆ ಕಡೆಯಿಂದ ನೋಡೋಣ.

'ಮಾದರಿ' ಅನ್ನುವ ಪದವೇ ಇಲ್ಲಿ ತೊಡಕಿನದು. ಮಣ್ಣು ಪರೀಕ್ಷೆಗೆ ಕೊಡುವುದು 'ಮಣ್ಣಿನ ಮಾದರಿ'. ಬೆಳೆಗಾರರು ವರ್ಷಗಳಿಂದ ಆ ಚೀಟಿಯನ್ನು ತುಂಬಿದ್ದಾರೆ. 'ಎಲ್ಲವೂ ಒಂದೇ ಮಾದರಿಯಲ್ಲಿ' ಅಂದರೆ 'ಎಲ್ಲ ಒಂದೇ ಸ್ಯಾಂಪಲ್‌ನಲ್ಲಿ' ಅಂತಲೂ ಆಗುತ್ತದೆ, 'ಎಲ್ಲವೂ ಒಂದೇ ಥರ' ಅಂತಲೂ ಆಗುತ್ತದೆ. ಬಾಬಾಬುಡನ್‌ಗಿರಿ ಕಾಫಿಗೂ ಚಿಕ್ಕಮಗಳೂರು ಅರೇಬಿಕಾಗೂ ಬೇರೆ ಬೇರೆ ಜಿಐ (ಭೌಗೋಳಿಕ ಸೂಚಕ) ಗುರುತು ಪಡೆದಿರುವ ಜಿಲ್ಲೆಯಲ್ಲಿ 'ಎಲ್ಲ ಒಂದೇ ಥರ' ಅನ್ನುವ ಬ್ಯಾನರ್ ಯಾರಿಗೂ ಹಿಡಿಸಲ್ಲ. ಬ್ಯಾನರಿನಲ್ಲಿ 'ಲೆಕ್ಕದ ಪುಸ್ತಕ' ಅಥವಾ 'ದಾಖಲೆ' ಬಳಸಿ. 'ಮಾದರಿ' ತಾಂತ್ರಿಕ ಪತ್ರದೊಳಗೆ ಇರಲಿ. 'ಸಾರ್ವತ್ರಿಕ' ಕೂಡ ಬೇಡ. ಆ ಪದ ಕಂಡರೆ ಜನ 'ಚುನಾವಣೆ' ಅಥವಾ 'ರಜೆ' ಅನ್ನುವ ಮುಂದಿನ ಪದ ಹುಡುಕುತ್ತಾರೆ.

ಎರಡನೆಯದು, ಕನ್ನಡದಲ್ಲಿ ಹೆಸರುಗಳನ್ನು ಹೊಂದಿಸುತ್ತೇವೆ ಅಂತ ಎಲ್ಲಾದರೂ ಹೇಳುವ ಯೋಚನೆ ಇದ್ದರೆ 'ಕೊಪ್ಪ' ಅಂತ ಹುಡುಕಿ ನೋಡಿ. 'ಕೊ'ದ ಒತ್ವ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಮೊದಲನೆಯದರಲ್ಲಿ 'ಕೊಪ್ಪ' 5 ಸಂಕೇತ, ಎರಡನೆಯದರಲ್ಲಿ 6. ಪರದೆ ಮೇಲೆ ಎರಡೂ ಒಂದೇ. ಡೇಟಾಬೇಸಿಗೆ ಅವು ಎರಡು ಬೇರೆ ಊರು. ಬಾಳೆಹೊನ್ನೂರಿಗೂ ಇದೇ ಗತಿ. ಒಳಗೆ ಬರುವ ಪ್ರತಿ ಪಠ್ಯವನ್ನೂ ಎನ್‌ಎಫ್‌ಸಿ (ಇಂಥ ಜೋಡಿಗಳನ್ನು ಒಂದೇ ಸಂಕೇತಕ್ಕೆ ತರುವ ಯೂನಿಕೋಡ್ ಕ್ರಮ) ರೂಪಕ್ಕೆ ತಂದು ಆಮೇಲೆ ಉಳಿಸಿ. ಹುಡುಕು ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದಕ್ಕೂ ಅದನ್ನೇ ಮಾಡಿ. ಒಂದು ಕಡೆ ಮಾಡಿ ಇನ್ನೊಂದು ಕಡೆ ಬಿಟ್ಟರೆ ಸುಖವಿಲ್ಲ. ಹಳೆಯ ನುಡಿ ಫಾಂಟಿನ ಕಡತಗಳಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದಲೇ ಪರಿಶೀಲಿಸಿ. ತಪ್ಪುವುದು ಅಲ್ಲೇ.

'ಉ' ನನಗೆ ಇಷ್ಟ. ಲಯ ಇದೆ. ಆದರೆ 'ಅಳಿಯದು' ಒಪ್ಪುತ್ತದಾ ಅಂತ ಕಾನೂನು ಗೊತ್ತಿರುವವರು ಹೇಳಬೇಕು.

ಹಾಸನ_ಸ್ಕೀಮಾ

ಮೇಡಂ ಸರಿಯಾದ ಜಾಗದಲ್ಲೇ ಕೈ ಇಟ್ಟರು. ಒಪ್ಪಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ತಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಹಕ್ಕಿದೆ. ಚೆಕ್‌ರೋಲ್‌ನಲ್ಲಿ ಕಾರ್ಮಿಕರ ಹೆಸರು, ಫೋನ್ ನಂಬರ್ ಇರುತ್ತದೆ. 'ಅಳಿಯದು' ಅಂತ ಬ್ಯಾನರ್ ಕಟ್ಟಿದರೆ ಅವರ ಹಕ್ಕಿಗೇ ಅಡ್ಡ ನಿಂತಂತೆ.

ದಾರಿ ಇದೆ. ವ್ಯಕ್ತಿಯ ಹೆಸರು, ಫೋನ್ ಇತ್ಯಾದಿ ಬೇರೆ ಟೇಬಲ್‌ನಲ್ಲಿರಲಿ, ಮುಖ್ಯ ಸಾಲಿನಲ್ಲಿ ಒಂದು ಅಂಕಿ ಗುರುತು ಮಾತ್ರ ಇರಲಿ. ಅಳಿಸಲು ಕೇಳಿದಾಗ ಆ ಟೇಬಲ್‌ನ ಸಾಲು ತೆಗೆದುಹಾಕಿ. ಕುಯ್ಲಿನ ಕೆಜಿ ಲೆಕ್ಕ ಉಳಿಯುತ್ತದೆ, ಯಾರದೆಂದು ಆ ಟೇಬಲ್‌ನಿಂದ ಇನ್ನು ಸಿಗಲ್ಲ. ಷರಾ ಅಂಕಣದಲ್ಲಿ ಹೆಸರು ನುಸುಳಿದೆಯೇ ಅಂತಲೂ ನೋಡಿ. ಬ್ಯಾಕಪ್‌ಗಳಲ್ಲೂ ಅಳಿಸುವ ಕ್ರಮ ಬರೆದಿಡಿ, ಮರೆಯುವುದು ಅದನ್ನೇ.

ಕಣದ_ಲೆಕ್ಕ (ಚಿಕ್ಕಮಗಳೂರು)

ಎಲ್ಲರಿಗೂ ತುಂಬಾ ಕೃತಜ್ಞತೆಗಳು. ಅ, ಇ, ಈ ಮೂರನ್ನೂ ಬಿಟ್ಟೆವು. 'ಆ' ಹೋಗಿ-ಬರುವ ಪರೀಕ್ಷೆ ಮುಗಿಯುವ ತನಕ ತಡೆಹಿಡಿದಿದ್ದೇವೆ. 42ರ ಬದಲು 14 ಅನ್ನುವ ಲೆಕ್ಕವನ್ನು ಡೆವಲಪರ್‌ಗಳ ಪುಟದಲ್ಲಿ ಹಾಕುತ್ತೇವೆ. 'ಉ'ದ ಬದಲು ಈಗ ಇದು:

ಯಾರ ಮಾತು, ಯಾವ ದಿನ, ಯಾವ ಅಳತೆ: ಮೂರೂ ಜೊತೆಗೇ.

ಸುಳ್ಳಾಗುವುದು ಹೇಗೆ ಅನ್ನುವುದಕ್ಕೆ ಉತ್ತರ ಇದೆ. ಈ ಮೂರರಲ್ಲಿ ಒಂದು ಖಾಲಿ ಇರುವ ಸಾಲು ಒಂದೇ ಒಂದು ಸಿಕ್ಕರೂ ವಾಕ್ಯ ಸುಳ್ಳು. ಮೂರು ಅಂಕಣಕ್ಕೂ ನಾಟ್ ನಲ್ (ಖಾಲಿ ಬಿಡಲಾಗದ ನಿಯಮ) ಹಾಕಿದ್ದೇವೆ. ಹೀಗೆ ನಿಲ್ಲುತ್ತದಾ?

ಗಿರಿ_ತಪ್ಪಲು

ನಿಲ್ಲುತ್ತದೆ, ಬಹಳ ಚೆನ್ನಾಗಿದೆ. ನಾಟ್ ನಲ್ ಒಂದನ್ನೇ ನಂಬಬೇಡಿ. ಖಾಲಿ ಬಿಡಲು ಬಿಡದಿದ್ದರೆ ಟೈಪ್ ಮಾಡುವವರು ಒಂದು ಚುಕ್ಕೆ, ಒಂದು ಅಡ್ಡಗೆರೆ ಹಾಕಿ ಮುಂದೆ ಹೋಗುತ್ತಾರೆ. ಮಾನಕ್ಕೆ ಮುಕ್ತ ಪಠ್ಯ ಬೇಡ, ಪಟ್ಟಿಯಿಂದ ಆರಿಸುವಂತೆ ಮಾಡಿ: ಎಕರೆ-ಗುಂಟೆ, ಎಕರೆ-ಸೆಂಟ್ಸ್, ಇಂಚು-ಸೆಂಟು, ಮಿ.ಮೀ., ಕೆಜಿ, ಲೀಟರ್, ಎಣಿಕೆ. ಹಳೆಯ ಮಳೆ ಪುಸ್ತಕದಲ್ಲಿ ಬರೆದವರ ಹೆಸರು ಇಲ್ಲದಿದ್ದರೆ 'ಬರೆದವರು ತಿಳಿಯದು, ಇಂಥ ಪುಸ್ತಕದ ಇಂಥ ಪುಟ' ಅಂತಲೇ ದಾಖಲಾಗಲಿ. ಎಕರೆ-ಗುಂಟೆಯ ಮೂಲ ಬರಹ ಪಠ್ಯವಾಗಿಯೇ ಉಳಿಯಲಿ, ಪಕ್ಕದಲ್ಲಿ ಒಟ್ಟು ಗುಂಟೆ ಬೇರೆ ಅಂಕಣದಲ್ಲಿ ಪೂರ್ಣಾಂಕವಾಗಿ. 1.20 ಅಂದರೆ 60. ಆಣೆ ಇದ್ದರೆ ಒಟ್ಟು ಆಣೆಯಲ್ಲಿಡಿ: 960.

ಮಲೆನಾಡು_ನಕ್ಷೆ

'ಯಾವ ದಿನ' ಅನ್ನುವುದನ್ನು ಎರಡಾಗಿ ಒಡೆಯಿರಿ: ನಡೆದ ದಿನ, ಬರೆದ ದಿನ. ಹವಾಮಾನ ಇಲಾಖೆಯ ಕ್ರಮದಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದ ಮಳೆ ಹಿಂದಿನ 24 ಗಂಟೆಯದು, ಲೆಕ್ಕಕ್ಕೆ ಹಿಡಿಯುವುದು ಅಳೆದ ದಿನಕ್ಕೆ. ತೋಟದವರು ಅದೇ ಮಳೆಯನ್ನು 'ನಿನ್ನೆ ಸಂಜೆಯ ಮಳೆ' ಅಂತ ಹಿಂದಿನ ದಿನಕ್ಕೆ ಬರೆದಿರಬಹುದು. ಎರಡು ಪುಸ್ತಕ ಸೇರಿಸಿದಾಗ ಮಾರ್ಚ್ 14ರ ಸಂಜೆಯ ಒಂದೇ ಬ್ಲಾಸಮ್ ಮಳೆ (ಕಾಫಿ ಹೂ ಅರಳಿಸುವ ಮಳೆ) 14ಕ್ಕೂ 15ಕ್ಕೂ ಎರಡು ಸಲ ಕೂರುತ್ತದೆ. ಬ್ಯಾಕಿಂಗ್ ಮಳೆ (ಹೂ ಬಿಟ್ಟ ಮೇಲೆ ಕಾಯಿ ಕಚ್ಚಲು ಬೇಕಾದ ಮಳೆ) ಬಂತಾ ಇಲ್ಲವಾ, ಸ್ಪ್ರಿಂಕ್ಲರ್ ಹಾಕಬೇಕಾ ಅನ್ನುವ ತೀರ್ಮಾನ ಅಲ್ಲಿಂದಲೇ ತಪ್ಪುತ್ತದೆ. ಪ್ರತಿ ಮಳೆ ಪುಸ್ತಕಕ್ಕೂ 'ದಿನ ಎಷ್ಟು ಗಂಟೆಗೆ ಶುರು, ಅಳತೆ ಯಾವ ದಿನಕ್ಕೆ' ಅಂತ ಒಂದು ಸಾಲು ಮೊದಲೇ ಸೇರಿಸಿ, ಆಮೇಲೆ ಬ್ಯಾನರ್ ಪ್ರಿಂಟಿಗೆ ಕೊಡಿ.